ಶರಣೆಯರ ಕಾಯಕವೂ ಅಂಕಿತವೂ

ಹನ್ನೆರಡನೆಯ ಶತಮಾನದ ವಚನಕಾರರನ್ನು ಕುರಿತು ಕನ್ನಡದಲ್ಲಿ ಬಂದಿರುವ ವಿಮರ್ಶೆಯಲ್ಲಿ ಕಾಯಕತತ್ತ್ವಕ್ಕೆ ಸಂದಿರುವ ಪಾಲು ಬಹು ದೊಡ್ಡದು. ಆ ತತ್ತ್ವವು ದುಡಿಮೆಗಳ ನಡುವಣ ಮೇಲುಕೀಳುಗಳನ್ನು ಅಲ್ಲಗಳೆಯಿತೆಂಬುದನ್ನೂ, ಅದರ ಫಲವಾಗಿ ಹೆಂಗಸರೂ ಗಂಡಸರೂ ದುಡಿಮೆಯ ಎಡೆಯಲ್ಲಿ ಸರಿಸಮಾನರಾದರೆಂಬುದನ್ನೂ ಒಂದೇ ಉಸಿರಿನಲ್ಲಿ ಹೇಳುವುದು ರೂಢಿಯಾಗಿದೆ. ಮೊದಲನೆಯ ಮಾತಿಗೆ ವಚನಗಳಲ್ಲಿ ಆಧಾರ ಹೇರಳವಾಗಿದೆ. ಎರಡನೆಯದು ಮೊದಲನೆಯದರಿಂದ ತಾನಾಗಿಯೇ ಹೊರಡುವುದೆಂದು ನಾವು ತರಗತಿಗಳಲ್ಲಿ ಹೇಳಿಕೊಂಡು ಬಂದಿದ್ದೇವೆ. ವಿದ್ಯಾರ್ಥಿಗಳು ಅದನ್ನೇ ಉತ್ತರಪತ್ರಿಕೆಗಳಲ್ಲಿ ನಮಗೆ ಹಿಂದಿರುಗಿಸಿದ್ದಾರೆ. ಕಾಯಕಗಳು ಸಮಾನವಾದುದು ಒಂದು ಸಂಗತಿ, ಕಾಯಕ ಮಾಡುವವರು ಸಮಾನರಾದುದು ಇನ್ನೊಂದು. ಮೊದಲನೆಯದು ಸಿದ್ಧಿಸಿಯೂ ಎರಡನೆಯದು ಅರ್ಧಕ್ಕೇ ನಿಂತಿರಬಹುದಲ್ಲವೆ? ಈ ಪ್ರಶ್ನೆಯನ್ನು ಶರಣೆಯರ ವಚನಗಳನ್ನೇ ಮುಂದಿಟ್ಟುಕೊಂಡು ವಿಚಾರಿಸುವುದು ಈ ಬರೆಹದ ಉದ್ದೇಶ.

ಪ್ರವೇಶಕ್ಕೆ ಮುನ್ನ ಆಧಾರಗಳನ್ನು ಕುರಿತು ಒಂದೆರಡು ಮಾತು ಅವಶ್ಯ. ಫ. ಗು. ಹಳಕಟ್ಟಿಯವರು 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಹೊರತಂದಂದಿನಿಂದ ಕರ್ನಾಟಕ ಸರ್ಕಾರವು 1993ರಲ್ಲಿ ಹದಿನೈದು ಸಮಗ್ರ ಸಂಪುಟಗಳನ್ನು ಪ್ರಕಟಿಸುವವರೆಗೆ ಅಚ್ಚಾದ ವಚನಗಳೆಲ್ಲವೂ ನಮಗೆ ದೊರೆತಿರುವುದು ಬಹುಮಟ್ಟಿಗೆ ಹದಿನೈದನೆಯ ಶತಮಾನ ಮತ್ತು ಅದರಿಂದೀಚಿನ ಸಂಕಲನಕಾರರ ಕೈಯಿಂದ. ವಚನಕಾರ್ತಿಯ ಹೆಸರಿನ ಹಿಂದಿರುವ ವಿಶೇಷಣವು ಆಕೆ ತಾನೇ ಇಟ್ಟುಕೊಂಡದ್ದೋ, ಆಕೆಯ ಓರಗೆಯವರು ಕರೆದದ್ದೋ, ಮುನ್ನೂರು ವರ್ಷಗಳ ತರುವಾಯ ಓಲೆಗರಿಯ ಮೇಲೆ ಬರೆದವನು ಸೇರಿಸಿದ್ದೋ ಎಂಬುದನ್ನು ಪ್ರತಿಯೊಂದು ಸಂದರ್ಭದಲ್ಲಿಯೂ ನಿರ್ಧರಿಸಲು ಬಾರದು. ಅಂಕಿತದ ವಿಷಯ ಹಾಗಲ್ಲ. ಅದು ವಚನದ ಒಡಲಿನೊಳಗೇ ಇದೆ. ಅದನ್ನು ತೆಗೆದರೆ ವಚನದ ಮುಕ್ತಾಯವೇ ಇಲ್ಲವಾಗುತ್ತದೆ. ಆದಕಾರಣ ಹೆಸರಿಗಿಂತ ಅಂಕಿತಕ್ಕೆ ನಾವು ಹೆಚ್ಚಿನ ಪ್ರಾಮಾಣ್ಯವನ್ನು ಕೊಟ್ಟಿದ್ದೇವೆ.

ಹೆಸರುಗಳನ್ನು ಮೊದಲು ನೋಡೋಣ. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಮೇದರ ಕೇತಯ್ಯ, ನುಲಿಯ ಚಂದಯ್ಯ, ಹಡಪದ ಅಪ್ಪಣ್ಣ – ಶರಣರ ಹೆಸರಿನ ಹಿಂದೆ ಕಸಬು ಬಿರುದಿನಂತೆ ನಿಂತಿದೆ. ಸಮಾಜವು ಯಾವುದನ್ನು ಹಳಿದಿತ್ತೋ ಅದೇ ಇಲ್ಲಿ ಹೆಮ್ಮೆಯ ಗುರುತಾಯಿತೆಂದು ವಿಮರ್ಶಕರು ಹೇಳಿರುವುದು ಯಥಾರ್ಥವಾಗಿದೆ. ಶರಣೆಯರಲ್ಲಿಯೂ ಅಂತಹ ಹೆಸರುಗಳುಂಟು: ಕದಿರ ರೆಮ್ಮವ್ವೆ, ಕೊಟ್ಟಣದ ಸೋಮವ್ವೆ. ಆದರೆ ಅವು ಕೆಲವೇ. ಹೆಚ್ಚಿನವರು ಇಂಥವರ ಪುಣ್ಯಸ್ತ್ರೀಯೆಂದೇ ಸಂಕಲನಗಳನ್ನು ಹೊಕ್ಕಿದ್ದಾರೆ. ಉರಿಲಿಂಗಪೆದ್ದಿಗಳ ಪುಣ್ಯಸ್ತ್ರೀ ಕಾಳವ್ವೆ, ಹಡಪದಪ್ಪಣ್ಣಗಳ ಪುಣ್ಯಸ್ತ್ರೀ ಲಿಂಗಮ್ಮ ಎಂಬಲ್ಲಿ ಗೌರವದ ಬಹುವಚನವು ಗಂಡನ ಹೆಸರಿಗೆ ಹತ್ತಿರುವುದನ್ನು ವಾಚಕರು ಗಮನಿಸಬೇಕು. ಗಜೇಶ ಮಸಣಯ್ಯಗಳ ಪುಣ್ಯಸ್ತ್ರೀ ಎಂಬ ವಚನಕಾರ್ತಿಗಂತೂ ಸಂಕಲನಗಳಲ್ಲಿ ಸ್ವಂತ ಹೆಸರೇ ಉಳಿದಿಲ್ಲ. ಆಕೆಯ ಮಾತು ಉಳಿದಿದೆ, ಮಾತನಾಡಿದವಳ ಹೆಸರು ಹೋಗಿದೆ.

ಇವೆಲ್ಲಕ್ಕಿಂತ ವಿಚಿತ್ರವಾದುದು ಬಾಚಿಕಾಯಕದ ಬಸವಯ್ಯಗಳ ಪುಣ್ಯಸ್ತ್ರೀ ಕಾಳವ್ವೆಯ ಪ್ರಸಂಗ. ಬಾಚಿಯೆಂದರೆ ಬಡಗಿ ಮರ ಕೆತ್ತುವ ಹತ್ಯಾರು. ಕಾಯಕ ತಪ್ಪಿದರೆ ಸೈರಿಸಬಾರದು, ವ್ರತ ತಪ್ಪಿದರಂತೂ ಸೈರಿಸಲೇಬಾರದು ಎಂದು ಅತ್ಯಂತ ನಿಷ್ಠುರವಾಗಿ ನುಡಿದವಳು ಈ ಕಾಳವ್ವೆ. ಆ ಮಾತಿನ ಕಾಠಿಣ್ಯದ ಮುಂದೆ ಪ್ರಸಿದ್ಧ ವಚನಕಾರರ ಎಷ್ಟೋ ಮಾತುಗಳು ಮೃದುವಾಗಿ ತೋರುತ್ತವೆ. ಹೀಗೆ ನುಡಿದವಳ ಹೆಸರಿನಲ್ಲಿ ಕಾಯಕವೇನೋ ಇದೆ. ಆದರೆ ಅದು ಬಸವಯ್ಯನದು. ಈಕೆ ತನ್ನ ಕೈಯಿಂದ ಏನು ಮಾಡುತ್ತಿದ್ದಳೆಂಬುದನ್ನು ಹೆಸರಿಟ್ಟವರು ಹೇಳಲಿಲ್ಲ.

ಅಂಕಿತಗಳಿಗೆ ಬಂದರೆ ಸಂಗತಿ ಇನ್ನಷ್ಟು ಸ್ಪಷ್ಟವಾಗುತ್ತದೆ. ಆಯ್ದಕ್ಕಿ ಮಾರಯ್ಯನ ಅಂಕಿತ ಅಮರೇಶ್ವರಲಿಂಗ. ಲಕ್ಕಮ್ಮನದು ಮಾರಯ್ಯಪ್ರಿಯ ಅಮರೇಶ್ವರಲಿಂಗ. ಮೋಳಿಗೆಯ ಮಾರಯ್ಯನದು ನಿಃಕಳಂಕ ಮಲ್ಲಿಕಾರ್ಜುನ. ಮಹಾದೇವಿಯದು ಎನ್ನಯ್ಯಪ್ರಿಯ ಇಮ್ಮಡಿ ನಿಃಕಳಂಕ ಮಲ್ಲಿಕಾರ್ಜುನ. ಗಜೇಶ ಮಸಣಯ್ಯನ ಹೆಂಡತಿಯದು ಮಸಣಯ್ಯಪ್ರಿಯ ಗಜೇಶ್ವರ. ದೇವರ ಹೆಸರನ್ನು ಕರೆಯುವುದಕ್ಕೂ ಇವರು ಗಂಡನ ಹೆಸರಿನ ಬಾಗಿಲಿನಿಂದ ಹಾಯಬೇಕಾಗಿದೆ. ಇದಕ್ಕೆ ಒಂದು ಆಕ್ಷೇಪ ಬರಬಹುದು: ‘ಪ್ರಿಯ’ ಎಂಬ ಸಮಾಸವು ವಿನಯದ್ದು, ಅಧೀನತೆಯದಲ್ಲ, ಗಂಡಸರೂ ಅದನ್ನು ಬಳಸಿದ್ದಾರೆ. ಆಕ್ಷೇಪವು ನ್ಯಾಯವಾದುದೇ. ಹಡಪದ ಅಪ್ಪಣ್ಣನ ಅಂಕಿತವು ಬಸವಪ್ರಿಯ ಕೂಡಲಚೆನ್ನಬಸವಣ್ಣ ಎಂದಿದೆ. ಆದರೆ ಅದರ ಪಕ್ಕದಲ್ಲಿಯೇ ಆತನ ಹೆಂಡತಿ ಲಿಂಗಮ್ಮನ ಅಂಕಿತವನ್ನಿಟ್ಟು ನೋಡಬೇಕು: ಅಪ್ಪಣ್ಣಪ್ರಿಯ ಚೆನ್ನಬಸವಣ್ಣ. ಅಪ್ಪಣ್ಣನು ಬಸವಣ್ಣನ ಮೂಲಕ ಹೋಗುತ್ತಾನೆ, ಲಿಂಗಮ್ಮ ಅಪ್ಪಣ್ಣನ ಮೂಲಕ ಹೋಗುತ್ತಾಳೆ. ಸಮಾಸ ಒಂದೇ, ಮೆಟ್ಟಿಲು ಬೇರೆ. ಹೆಂಡತಿಯ ಪ್ರಿಯನೆಂದು ದೇವರನ್ನು ಕರೆದ ಶರಣನೊಬ್ಬನೂ ನಮ್ಮ ಅವಗಾಹನೆಗೆ ಬಂದಿಲ್ಲ. ಬಸವಣ್ಣನ ಮಡದಿ ಗಂಗಾಂಬಿಕೆ ಮಾತ್ರ ಗಂಡನ ಇಷ್ಟದೈವದ ಹಿಂದೆ ತನ್ನ ಹೆಸರನ್ನೇ ಹೂಡಿ ಗಂಗಾಪ್ರಿಯ ಕೂಡಲಸಂಗಮದೇವ ಎಂದಳು. ಈ ಒಂದು ಅಪವಾದವು ನಮಗೆ ಬಹು ಹಿಡಿಸಿದೆ. ಹೀಗೂ ಮಾಡಬಹುದಾಗಿತ್ತು ಎಂಬುದನ್ನಾದರೂ ಅದು ತೋರಿಸುತ್ತದೆ.

ಇಷ್ಟರಿಂದಲೇ ಶರಣೆಯರು ಗಂಡಂದಿರ ನೆರಳಾಗಿದ್ದರೆಂದು ತೀರ್ಮಾನಿಸಿದರೆ ಅದು ದುಡುಕಾದೀತು. ಅಂಕಿತದ ಮೇಲಿರುವ ಭಾಗವನ್ನೂ ಓದಬೇಕಲ್ಲ. ಲಕ್ಕಮ್ಮನ ವಚನಗಳನ್ನು ಶೂನ್ಯಸಂಪಾದನೆಯ ಸಂದರ್ಭದಲ್ಲಿಟ್ಟು ನೋಡಿದರೆ ಅಲ್ಲಿ ಯಾರು ಯಾರಿಗೆ ಗುರುವೆಂಬುದರಲ್ಲಿ ಸಂದೇಹವುಳಿಯುವುದಿಲ್ಲ. ಮಾರಯ್ಯನು ಅನುಭಾವಿಗಳ ಮಾತಿನಲ್ಲಿ ಮೈಮರೆತಿರಲು, ಕಾಯಕ ನಿಂತಿದೆ, ಎದ್ದು ಹೋಗೆಂದು ಆತನನ್ನು ಎಬ್ಬಿಸಿದವಳು ಆಕೆ. ಆತನು ದಿನದ ಅಳತೆಯನ್ನು ಮೀರಿ ಅಕ್ಕಿಯನ್ನು ಆಯ್ದು ತಂದಾಗ, ಈ ಆಸೆ ಅರಸನಿಗೆ ಒಪ್ಪುವುದು, ನಮಗಲ್ಲ ಎಂಬ ಅರ್ಥದಲ್ಲಿ ಗದರಿ, ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬರಲು ಕಳುಹಿಸಿದವಳೂ ಆಕೆಯೇ. ಇಷ್ಟನ್ನೂ ಆಕೆ ಹೇಳುವುದು ಆತನನ್ನು ‘ಆಳ್ದ’ನೆಂದು, ಅಂದರೆ ಒಡೆಯನೆಂದು, ಸಂಬೋಧಿಸಿ. ತತ್ತ್ವದಲ್ಲಿ ಆಕೆಯದು ಮೇಲುಗೈ, ಸಂಬೋಧನೆಯಲ್ಲಿ ಆತನದು. ಎರಡೂ ಒಂದೇ ವಾಕ್ಯದಲ್ಲಿವೆ.

ಈ ಕಥೆಯಲ್ಲಿ ವಿಮರ್ಶಕರು ಸಾಮಾನ್ಯವಾಗಿ ನಿಲ್ಲದೆ ದಾಟಿಹೋಗುವ ಒಂದು ಎಡೆಯಿದೆ. ಅಕ್ಕಿ ಹೆಚ್ಚಾಗಿದೆಯೆಂದು ಲಕ್ಕಮ್ಮನಿಗೆ ತಿಳಿದದ್ದು ಹೇಗೆ? ದಿವ್ಯಜ್ಞಾನದಿಂದಲ್ಲ. ದಿನವೂ ಅದೇ ಅಕ್ಕಿಯನ್ನು ಕೇರಿ, ಕಲ್ಲು ಹೆಕ್ಕಿ, ಅಳೆದು, ಎಸರಿಗಿಡುವ ಕೈಗೆ ಒಂದು ಹಿಡಿ ಹೆಚ್ಚಾದರೂ ತಿಳಿಯುತ್ತದೆ. ಆಯ್ದು ತರುವವನಿಗೆ ತಿಳಿಯದೆ ಹೋಗಬಹುದು. ಆಯುವುದು ಮಾರಯ್ಯನ ಕಾಯಕವೆಂದು ಎಲ್ಲರೂ ಬರೆದರು. ಆಯ್ದದ್ದನ್ನು ದಾಸೋಹವನ್ನಾಗಿ ಮಾಡಿದ ಅಡುಗೆಗೆ ಕಾಯಕವೆಂಬ ಹೆಸರನ್ನು ಯಾರೂ ಕೊಡಲಿಲ್ಲ. ‘ಆಯ್ದಕ್ಕಿ’ ಎಂಬ ವಿಶೇಷಣವು ಇಬ್ಬರ ಹೆಸರಿಗೂ ಅಂಟಿಕೊಂಡಿತಾದರೂ ಅದು ಕೇರಿಯಲ್ಲಿ ನಡೆದ ಕೆಲಸದ ಹೆಸರು, ಒಲೆಯ ಮುಂದೆ ನಡೆದ ಕೆಲಸದ್ದಲ್ಲ. ನಮ್ಮ ಸಂವಿಧಾನದ 39ನೆಯ ವಿಧಿಯು ಸಮಾನ ಕೆಲಸಕ್ಕೆ ಸಮಾನ ವೇತನವನ್ನು ರಾಜ್ಯನೀತಿಯ ಗುರಿಯಾಗಿ ಇಟ್ಟಿದೆ. 1976ರ ಸಮಾನ ವೇತನ ಕಾಯ್ದೆಯು ಅದನ್ನು ಒಂದೇ ಬಗೆಯ ಅಥವಾ ಸದೃಶವಾದ ಕೆಲಸಕ್ಕೆಂದು ಬಿಡಿಸಿ ಹೇಳಿತು. ಅದರ ಸ್ಥಾನಕ್ಕೆ ಈಗ 2019ರ ವೇತನ ಸಂಹಿತೆ ಬಂದಿದೆ. ಸದೃಶವಾದ ಕೆಲಸ ಯಾವುದೆಂಬುದನ್ನು ನಿರ್ಧರಿಸುವ ಮೊದಲು ಯಾವುದು ಕೆಲಸವೆಂದು ನಿರ್ಧರಿಸಬೇಕಾಗುತ್ತದೆ. ಆ ಮೊದಲ ನಿರ್ಧಾರದಲ್ಲಿ ಕಲ್ಯಾಣದವರು ಎಡವಿದ ಕಡೆಯಲ್ಲೇ ನಾವು ಇಂದಿಗೂ ಎಡವುತ್ತಿದ್ದೇವೆ.

ಪ್ರಾಸಂಗಿಕವಾಗಿ ಸಂಪಾದನೆಯ ಕ್ರಮವನ್ನು ಕುರಿತೂ ಒಂದು ಮಾತು. ಸಮಗ್ರ ವಚನ ಸಂಪುಟಗಳಲ್ಲಿ ಐದನೆಯದು ಶಿವಶರಣೆಯರಿಗೆ ಮೀಸಲಾಗಿದೆ. ಸಂಪಾದಕರಾದ ವೀರಣ್ಣ ರಾಜೂರರ ಪರಿಶ್ರಮದಿಂದ ಮೂವತ್ತಕ್ಕೂ ಹೆಚ್ಚು ವಚನಕಾರ್ತಿಯರು ಒಂದೆಡೆ ದೊರೆಯುವಂತಾದುದು ದೊಡ್ಡ ಉಪಕಾರ. ಅದಿಲ್ಲದೆ ಈ ಬರೆಹವೂ ಸಾಧ್ಯವಿರಲಿಲ್ಲ. ಆದರೂ ಇದರ ಒಂದು ಪರಿಣಾಮವನ್ನು ಹೇಳಲೇಬೇಕು. ಶರಣರು ಸಂಕೀರ್ಣ ಸಂಪುಟಗಳಿಗೆ ಹೋದರು, ಶರಣೆಯರು ತಮ್ಮ ಸಂಪುಟಕ್ಕೆ ಬಂದರು. ಒಂದೇ ಕೇರಿಯಲ್ಲಿ ದುಡಿದು, ಒಂದೇ ಗುಡಿಸಲಿನಲ್ಲಿ ವಾದಿಸಿದ ಲಕ್ಕಮ್ಮ ಮಾರಯ್ಯರು ಎರಡು ಪುಸ್ತಕಗಳ ಪಾಲಾದರು. ಮಾರಯ್ಯನ ಮಾತಿಗೆ ಲಕ್ಕಮ್ಮ ಏನೆಂದಳೆಂಬುದನ್ನು ತಿಳಿಯಬಯಸುವ ವಿದ್ಯಾರ್ಥಿ ಎರಡನ್ನೂ ತೆರೆದಿಟ್ಟುಕೊಂಡು ಕುಳಿತುಕೊಳ್ಳಬೇಕು. ಹೆಚ್ಚಿನವರು ಒಂದನ್ನೇ ತೆರೆಯುತ್ತಾರೆ.

ಇನ್ನು ಗಂಡನ ಕಾಯಕದ ಹಂಗಿಲ್ಲದೆ ತಮ್ಮ ದುಡಿಮೆಯಿಂದಲೇ ಗುರುತು ಪಡೆದವರನ್ನು ನೋಡಬೇಕು. ಇವರ ಸ್ವರವೇ ಬೇರೆ. ಶರಣರ ಅಂಗಳವನ್ನು ಗುಡಿಸುವ ಕಾಯಕದವಳೆಂದು ಪ್ರತೀತಿಯಿರುವ ಸತ್ಯಕ್ಕನು ತನ್ನ ಅಂಕಿತದಲ್ಲಿ ಶಂಭುಜಕ್ಕೇಶ್ವರನನ್ನು ನೇರವಾಗಿಯೇ ಕರೆಯುತ್ತಾಳೆ. ನಡುವೆ ಯಾರೂ ಇಲ್ಲ. ಅವಯವ ವೇಷಗಳಿಂದ ಹೆಣ್ಣು ಗಂಡೆಂದು ಅಳೆಯುವುದನ್ನು ಜಾಣರು ಒಪ್ಪುವುದಿಲ್ಲವೆಂಬ ಆಕೆಯ ಮಾತನ್ನು ಸಮಾನತೆಯ ಪ್ರಸಂಗ ಬಂದಾಗಲೆಲ್ಲ ಉದ್ಧರಿಸುತ್ತಾರೆ. ಆಕೆಯ ಇನ್ನೊಂದು ವಚನಕ್ಕೆ ಅಷ್ಟು ಮನ್ನಣೆ ದೊರೆತಿಲ್ಲ. ಲಂಚಕ್ಕೆ ಕೈಯೊಡ್ಡೆನು, ದಾರಿಯಲ್ಲಿ ಹೊನ್ನೋ ವಸ್ತ್ರವೋ ಬಿದ್ದಿದ್ದರೂ ಮುಟ್ಟಿ ಎತ್ತೆನು ಎಂದು ಆಕೆ ಅಲ್ಲಿ ಆಣೆಯಿಡುತ್ತಾಳೆ. ಇದನ್ನು ಸಾಮಾನ್ಯ ನೀತಿಬೋಧೆಯೆಂದು ಓದುವುದುಂಟು. ಹಾಗೆ ಓದಿದರೆ ಅದರ ಮೊನೆ ಮುರಿಯುತ್ತದೆ. ಇನ್ನೊಬ್ಬರ ಅಂಗಳದಲ್ಲಿ ಪೊರಕೆ ಹಿಡಿದವಳಿಗೆ ಬಿದ್ದ ವಸ್ತು ಎಲ್ಲರಿಗಿಂತ ಮೊದಲು ಕಾಣುತ್ತದೆ. ಕಳೆದ ವಸ್ತುವಿನ ಸಂಶಯವೂ ಎಲ್ಲರಿಗಿಂತ ಮೊದಲು ಆಕೆಯ ಮೇಲೆಯೇ ಬೀಳುತ್ತದೆ. ಮನೆಗೆಲಸದವರನ್ನಿಟ್ಟುಕೊಂಡವರೆಲ್ಲ ಇದನ್ನು ಬಲ್ಲರು. ಆ ಸ್ಥಾನದಲ್ಲಿ ನಿಂತು ಇಟ್ಟ ಆಣೆಯೆಂದು ತಿಳಿದಾಗಲೇ ಅದರ ಗಂಭೀರತೆ ಹೊಳೆಯುವುದು.

ಬತ್ತ ಕುಟ್ಟುವ ಸೋಮವ್ವೆಯದು ಒಂದೇ ವಚನ. ಹದ ತಪ್ಪಿ ಕುಟ್ಟಿದರೆ ಅಕ್ಕಿಯಾಗದೆ ನುಚ್ಚಾಗುವುದೆಂಬ ಕಸಬಿನ ಅನುಭವದಿಂದಲೇ ಆಕೆ ವ್ರತದ ಮಾತನ್ನು ಎತ್ತುತ್ತಾಳೆ. ಸೂಳೆ ಸಂಕವ್ವೆಯದೂ ಒಂದೇ ವಚನ: ಒಬ್ಬನಿಂದ ಒತ್ತೆಯ ಹಣ ಹಿಡಿದ ಮೇಲೆ ಇನ್ನೊಬ್ಬನ ಒತ್ತೆಯನ್ನು ಹಿಡಿಯೆನೆಂಬ ವೃತ್ತಿನಿಷ್ಠೆಯನ್ನು ಆಕೆ ಭಕ್ತಿಗೆ ಉಪಮಾನವಾಗಿ ಇಟ್ಟಿದ್ದಾಳೆ. ತಪ್ಪಿದರೆ ತನಗೆ ಒದಗುವ ಶಿಕ್ಷೆಯ ವರ್ಣನೆ ಅಲ್ಲಿ ಎಷ್ಟು ಕ್ರೂರವಾಗಿದೆಯೆಂದರೆ ಅದನ್ನು ಕೇವಲ ಅಲಂಕಾರವೆಂದು ಹೇಳಲು ನಮಗೆ ಧೈರ್ಯ ಸಾಲದು. ಎಲ್ಲ ಕಾಯಕವೂ ಪೂಜೆಯೆಂದ ಸಮಾಜವು ಈಕೆಯ ಬದುಕನ್ನು ಕಾಯಕವೆಂದು ಎಣಿಸಿತೋ, ಬಿಟ್ಟುಬರಬೇಕಾದ ಕೆಸರೆಂದು ಎಣಿಸಿತೋ? ನಿರ್ಲಜ್ಜೇಶ್ವರನೆಂಬ ಅಂಕಿತವು ಎರಡು ಕಡೆಗೂ ಬಾಗುತ್ತದೆ. ಶರಣೆಯರಲ್ಲಿ ಅತ್ಯಂತ ಪ್ರಸಿದ್ಧಳಾದ ಅಕ್ಕಮಹಾದೇವಿಯ ಹೆಸರಿಗೆ ಯಾವ ಕಸಬೂ ಅಂಟಿಕೊಂಡಿಲ್ಲವೆಂಬುದನ್ನೂ ಇಲ್ಲಿ ನೆನೆಯಬಹುದು. ದುಡಿಯುವ ಹೆಣ್ಣಿಗಿಂತ ಎಲ್ಲವನ್ನೂ ತೊರೆದ ಹೆಣ್ಣು ನಮ್ಮ ವಿಮರ್ಶೆಗೆ ಹೆಚ್ಚು ಒಗ್ಗಿತು.

ಕಡೆಯದಾಗಿ ಕದಿರ ರೆಮ್ಮವ್ವೆ. ತಾನು ತಿರುಗಿಸುವ ರಾಟೆಯ ಕುಲಜಾತಿಯನ್ನು ಕೇಳಿರೆಂದು ಆಕೆ ಅಣ್ಣಂದಿರನ್ನು ಕರೆಯುತ್ತಾಳೆ. ಆಕೆಯ ಕುಲವನ್ನು ಕೇಳಬಂದವರಿಗೆ ರಾಟೆಯ ಕುಲವನ್ನು ಹೇಳುವ ಈ ಜಾಣ್ಮೆಯನ್ನು ನೋಡಿ ನಾವು ಪ್ರತಿಸಲವೂ ನಕ್ಕಿದ್ದೇವೆ. ಅಡಿಯ ಹಲಗೆ, ತೋರಣ, ನಿಂತ ಬೊಂಬೆ ಇವು ತ್ರಿಮೂರ್ತಿಗಳಾಗುತ್ತವೆ, ಅರಿವು ಕದಿರಾಗುತ್ತದೆ, ಭಕ್ತಿ ತಿರುಗಿಸುವ ಕೈಯಾಗುತ್ತದೆ. ನೂಲು ಸುತ್ತಿ ಕದಿರು ತುಂಬುತ್ತದೆ. ಇಲ್ಲಿಯವರೆಗೆ ರೂಪಕವು ತಡೆಯಿಲ್ಲದೆ ಓಡುತ್ತದೆ. ಆಮೇಲೆ ಅನಿರೀಕ್ಷಿತವಾಗಿ ಆಕೆ, ಇನ್ನು ರಾಟೆಯನ್ನು ತಿರುಗಿಸಲಾರೆ, ಗಂಡನು ಹೊಡೆಯುವನು, ಏನು ಮಾಡಲಿ ಎಂದು ತನ್ನ ಗುಮ್ಮೇಶ್ವರನನ್ನು ಕೇಳಿ ವಚನವನ್ನು ಮುಗಿಸಿಬಿಡುತ್ತಾಳೆ.

ಈ ವಚನವು ಇನ್ನೊಂದು ದೃಷ್ಟಿಯಿಂದಲೂ ವಿದ್ವಾಂಸರ ಗಮನಕ್ಕೆ ಯೋಗ್ಯವಾದುದು. ಭಾರತದಲ್ಲಿ ರಾಟೆಯ ಬಳಕೆಗೆ ನಿಶ್ಚಿತವಾದ ಹಳೆಯ ಉಲ್ಲೇಖವು 1350ರಲ್ಲಿ ಇಸಾಮಿ ಬರೆದು ಮುಗಿಸಿದ ಫುತೂಹ್-ಉಸ್-ಸಲಾತೀನ್ ಎಂಬ ಪಾರಸಿ ಕಾವ್ಯದ್ದೆಂದು ಇತಿಹಾಸಕಾರ ಇರ್ಫಾನ್ ಹಬೀಬರು ತೋರಿಸಿದ್ದಾರೆ. ಹಾಗಾದರೆ ರೆಮ್ಮವ್ವೆಯ ವಚನವು ಅದಕ್ಕಿಂತ ಹಿಂದಿನ ಅಮೂಲ್ಯ ಸಾಕ್ಷ್ಯವಾಗಬೇಕು, ಇಲ್ಲವೆ ಮುಂದಿನ ಕಾಲದಲ್ಲಿ ಈ ರೂಪವನ್ನು ಪಡೆದಿರಬೇಕು. ಅದರ ನಿರ್ಣಯ ಈ ಬರೆಹದ ವ್ಯಾಪ್ತಿಗೆ ಮೀರಿದ್ದು. ಆದರೆ ಇಸಾಮಿಯ ಉಲ್ಲೇಖದ ಸಂದರ್ಭವನ್ನು ಹೇಳದೆ ಮುಂದೆ ಹೋಗಲಾರೆವು. ದೆಹಲಿಯ ಸಿಂಹಾಸನವೇರಿದ ರಜಿಯಾಳನ್ನು ಆತನು ಅಲ್ಲಿ ಹಳಿಯುತ್ತಿದ್ದಾನೆ. ಹೆಣ್ಣಿಗೆ ಒಪ್ಪುವುದು ಆಳ್ವಿಕೆಯಲ್ಲ, ರಾಟೆಯ ಮುಂದೆ ಕುಳಿತಿರುವುದೆಂಬುದು ಆತನ ಅಭಿಪ್ರಾಯ. ಆ ಕಾವ್ಯ ರಚಿತವಾದುದು ಕಲಬುರಗಿಯನ್ನು ರಾಜಧಾನಿಯನ್ನಾಗಿ ಮಾಡಿಕೊಂಡ ಬಹಮನಿ ದೊರೆಯ ಆಶ್ರಯದಲ್ಲಿ, ಕಲ್ಯಾಣಕ್ಕೆ ಬಹುದೂರವಲ್ಲದ ನಾಡಿನಲ್ಲಿ. ಆಸ್ಥಾನಕವಿಯು ಹೆಣ್ಣನ್ನು ಕೂರಿಸಬೇಕೆಂದ ಜಾಗದಲ್ಲಿ ಕುಳಿತ ಹೆಣ್ಣಿಗೆ ಏನನ್ನಿಸುತ್ತಿತ್ತೆಂಬುದನ್ನು ರೆಮ್ಮವ್ವೆ ಹೇಳುತ್ತಿದ್ದಾಳೆ.

ಹೊಡೆಯುವ ಈ ಗಂಡ ಯಾರು? ಕೆಲವು ವರ್ಷಗಳ ಹಿಂದೆ ತರಗತಿಯಲ್ಲಿ ಒಬ್ಬ ವಿದ್ಯಾರ್ಥಿನಿ ಹೀಗೆಯೇ ಕೇಳಿದಳು. ಶರಣಸತಿ ಲಿಂಗಪತಿ ಭಾವದಂತೆ ಗಂಡನೆಂದರೆ ಲಿಂಗವೆಂದು ನಾವು ಉತ್ತರಿಸಿ ಮುಂದಿನ ವಚನಕ್ಕೆ ಹೋದೆವು. ಉತ್ತರವು ಆಧಾರವಿಲ್ಲದ್ದಾಗಿರಲಿಲ್ಲ. ರೆಮ್ಮವ್ವೆಯ ಬೇರೆ ವಚನಗಳಲ್ಲಿ ಎಲ್ಲರ ಗಂಡಂದಿರು ಹೀಗೆ, ತನ್ನ ಗಂಡ ಹೀಗಲ್ಲ ಎಂದು ಒಂದೊಂದೇ ಲೌಕಿಕ ಲಕ್ಷಣವನ್ನು ಕಳಚುತ್ತ ಹೋಗುವ ಕ್ರಮವಿದೆ. ಅಲ್ಲಿ ಗಂಡನು ಲಿಂಗವೇ ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ರಾಟೆಯ ವಚನದಲ್ಲಿ ಆ ವೈದೃಶ್ಯವೇ ಇಲ್ಲ. ಇಲ್ಲಿಯ ಗಂಡನಿಗೆ ಇರುವುದು ಒಂದೇ ಲಕ್ಷಣ, ಅದೂ ಎಲ್ಲರ ಗಂಡಂದಿರಿಗೆ ಇರಬಹುದಾದದ್ದು.

ಅದನ್ನು ರೂಪಕವೆಂದೇ ಒಪ್ಪೋಣ. ಒಪ್ಪಿದರೂ ಪ್ರಶ್ನೆ ಕರಗುವುದಿಲ್ಲ. ಉಪಮಾನವು ಕೇಳುವವರಿಗೆ ಪರಿಚಿತವಾಗಿದ್ದಾಗ ಮಾತ್ರ ರೂಪಕ ನಿಲ್ಲುತ್ತದೆ. ರಾಟೆಯ ಹಲಗೆಯೂ ಬೊಂಬೆಯೂ ಕಲ್ಯಾಣದವರಿಗೆ ಹೇಗೆ ಗೊತ್ತಿದ್ದವೋ, ರಾಟೆ ನಿಂತರೆ ಗಂಡನು ಕೈಯೆತ್ತುವನೆಂಬುದೂ ಹಾಗೆಯೇ ಗೊತ್ತಿದ್ದಿರಬೇಕು. ಇಲ್ಲದಿದ್ದರೆ ಆ ಸಾಲು ಯಾರಿಗೂ ಅರ್ಥವಾಗುತ್ತಿರಲಿಲ್ಲ. ಕಸಬಿನ ದೃಷ್ಟಿಯಿಂದ ನೋಡಿದರೆ ಇನ್ನೊಂದು ಸೂಕ್ಷ್ಮವೂ ಕಾಣುತ್ತದೆ. ಕದಿರು ತುಂಬಿದ ಮೇಲೆ ನೂಲುವವಳು ರಾಟೆಯನ್ನು ನಿಲ್ಲಿಸಲೇಬೇಕು. ನೂಲನ್ನು ಬಿಚ್ಚಿ ಲಡಿ ಸುತ್ತಿ, ಬರಿದಾದ ಕದಿರನ್ನು ಮತ್ತೆ ಹೂಡಬೇಕು. ಇದು ಕೆಲಸದ ನಡುವಣ ಕೆಲಸ. ಆದರೆ ಹೊರಗಿನಿಂದ ಬಂದವನ ಕಿವಿಗೆ ರಾಟೆಯ ಸದ್ದು ನಿಂತದ್ದು ಮಾತ್ರ ತಿಳಿಯುತ್ತದೆ, ಕದಿರು ತುಂಬಿದ್ದು ತಿಳಿಯುವುದಿಲ್ಲ. ಮಾಡಿ ಮುಗಿಸಿದ ಕೆಲಸವೇ ಸೋಮಾರಿತನದಂತೆ ಕಾಣುವ ಆ ಗಳಿಗೆಯಲ್ಲಿ ರೆಮ್ಮವ್ವೆ ಮಾತನಾಡುತ್ತಿದ್ದಾಳೆ.

ಆ ವಿದ್ಯಾರ್ಥಿನಿ ಅಂದು ಇನ್ನೂ ಏನನ್ನೋ ಕೇಳಲಿದ್ದಳೆಂದು ನಮ್ಮ ನೆನಪು. ಗಂಟೆ ಹೊಡೆಯಿತು. ಮರುವರ್ಷ ಅದೇ ವಚನವನ್ನು ಪಾಠ ಹೇಳುವಾಗ ನಾವು ಗುಮ್ಮೇಶ್ವರನೆಂಬ ಅಂಕಿತದಿಂದ ಆರಂಭಿಸದೆ, ತುಂಬಿದ ಕದಿರಿನಿಂದ ಆರಂಭಿಸಿದೆವು.